ಹೆಸರಿನ ಒಡೆತನ

ಮನುಷ್ಯನು ತನ್ನದೆಂದು ಹೇಳಿಕೊಳ್ಳುವ ವಸ್ತುಗಳಲ್ಲಿ ಹೆಸರಿನಷ್ಟು ವಿಚಿತ್ರವಾದುದು ಬೇರೊಂದಿಲ್ಲ. ಅದನ್ನು ಇಡುವವರು ತಂದೆತಾಯಿಗಳು, ಕರೆಯುವವರು ನೆರೆಹೊರೆಯವರು, ದಾಖಲೆಯಲ್ಲಿ ಬರೆಯುವವರು ಶಾಲೆಯ ಉಪಾಧ್ಯಾಯರು ಮತ್ತು ಕಚೇರಿಯ ಗುಮಾಸ್ತರು. ಹೆಸರಿನೊಡನೆ ಊರು, ಉದ್ಯೋಗ, ವಿಳಾಸ, ಭಾವಚಿತ್ರ ಇವೆಲ್ಲ ಸೇರಿ ಒಬ್ಬರ ಪರಿಚಯವೆನಿಸುತ್ತದೆ. ಈ ಪರಿಚಯವನ್ನು ಲೋಕದೆದುರಿಗೆ ಇಡುವ ಪ್ರಸಂಗ ಬಂದಾಗ, ಅದನ್ನು ಬರೆಯುವ, ತಿದ್ದುವ, ಬೇಡವಾದುದನ್ನು ತೆಗೆಯುವ ಅಧಿಕಾರವು ಯಾರಿಗೆ ಸಲ್ಲತಕ್ಕದ್ದು? ಬಹು ಜನರು ಕೂಡಿ ದುಡಿಯುವ ಕಡೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ಗಣಕಯಂತ್ರದ ಕೆಲಸದಲ್ಲಿರುವ ನಮ್ಮ ಮಕ್ಕಳನ್ನು ಇದು ವಿಶೇಷವಾಗಿ ತಾಕುವುದರಿಂದ ಈ ತಿಂಗಳ ಮಾತಿಗೆ ಇದನ್ನೇ ತೆಗೆದುಕೊಂಡಿದ್ದೇನೆ.

ಓಪನ್ ಸೋರ್ಸ್ ಎಂದು ಕರೆಯಲ್ಪಡುವ ಮುಕ್ತ ತಂತ್ರಾಂಶದ ವಿಷಯವನ್ನು ಕೇಳದ ವಾಚಕರಿಗಾಗಿ ಎರಡು ಮಾತು ಹೇಳುವುದು ಉಚಿತ. ಸಾಮಾನ್ಯವಾಗಿ ತಂತ್ರಾಂಶವನ್ನು ಮಾರುವ ಕಂಪನಿಗಳು ಅದರ ಮೂಲಬರಹವನ್ನು ಗುಟ್ಟಾಗಿಡುತ್ತವೆ. ಮುಕ್ತ ತಂತ್ರಾಂಶದಲ್ಲಾದರೋ ಮೂಲಬರಹವು ಎಲ್ಲರಿಗೂ ತೆರೆದಿರುತ್ತದೆ. ಬಲ್ಲವರು ಯಾರೇ ಆಗಲಿ ಅದನ್ನು ಓದಬಹುದು, ತಿದ್ದಬಹುದು, ತಿದ್ದಿದುದನ್ನು ಇತರರಿಗೆ ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ ಎಂಬವರು ೧೯೮೩ರಲ್ಲಿ ಈ ಬಗೆಯ ಕೆಲಸಕ್ಕೆ ಕರೆಕೊಟ್ಟರು. ೧೯೯೧ರಲ್ಲಿ ಹೆಲ್ಸಿಂಕಿ ನಗರದ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು, ಯಂತ್ರದ ಒಳಾಡಳಿತವನ್ನು ನಡೆಸುವ ಲಿನಕ್ಸ್ ಎಂಬ ತಿರುಳನ್ನು ಆರಂಭಿಸಿದರು. ಓಪನ್ ಸೋರ್ಸ್ ಎಂಬ ಹೆಸರು ರೂಢಿಗೆ ಬಂದುದು ೧೯೯೮ರಲ್ಲಿ. ಈ ದಿವಸ ನಮ್ಮ ಮನೆಗಳಲ್ಲಿರುವ ಆಂಡ್ರಾಯ್ಡ್ ಫೋನುಗಳೆಲ್ಲದರ ಒಳಗೆ ಆ ಲಿನಕ್ಸೇ ಇದೆ. ೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಬೆಳೆಸಿದವರೂ, ಅನೇಕ ಮುಕ್ತ ತಂತ್ರಾಂಶಗಳ ಸೂಚನೆಗಳನ್ನು ಕನ್ನಡಕ್ಕೆ ತಂದವರೂ ಇದೇ ಬಗೆಯ ಜನ.

ಇವರಲ್ಲಿ ಸಂಬಳಕ್ಕೆ ದುಡಿಯುವವರುಂಟು. ಕಾಸಿನ ಆಸೆಯಿಲ್ಲದೆ, ರಾತ್ರಿಯ ಊಟವಾದ ಮೇಲೆ ಒಂದೆರಡು ಗಂಟೆ ಕುಳಿತು ಕೆಲಸಮಾಡುವವರೂ ಬಹಳ ಮಂದಿ ಉಂಟು. ಅಂಥವರಿಗೆ ದೊರೆಯುವ ಪ್ರತಿಫಲವೆಂದರೆ ಒಂದೇ: "ಈ ಕೆಲಸವನ್ನು ಇಂಥವರು ಮಾಡಿದರು" ಎಂಬ ಉಲ್ಲೇಖ. ಮುಂದೆ ಉದ್ಯೋಗವನ್ನರಸಿ ಹೋದಾಗ ಆ ಉಲ್ಲೇಖವೇ ಅವರ ಯೋಗ್ಯತಾಪತ್ರ. ಆದುದರಿಂದ ಅಲ್ಲಿ ಹೆಸರು ಹೇಗೆ ಬರೆಯಲ್ಪಟ್ಟಿದೆ ಎಂಬುದು ಕ್ಷುಲ್ಲಕವಾದ ಸಂಗತಿಯಲ್ಲ.

ಈ ಉಲ್ಲೇಖವು ಮೊದಲು ಯಾವ ರೂಪದಲ್ಲಿತ್ತು ಎಂಬುದನ್ನು ನೋಡೋಣ. ಲಿನಕ್ಸಿನ ಮೂಲಬರಹದೊಡನೆ ಕ್ರೆಡಿಟ್ಸ್ ಎಂಬ ಕಡತವೊಂದು ಬರುತ್ತದೆ. ಅದರಲ್ಲಿ ಒಬ್ಬೊಬ್ಬ ಕೊಡುಗೆದಾರನಿಗೂ ಕೆಲವು ಸಾಲುಗಳು ಮೀಸಲು. ಎನ್ ಎಂಬ ಅಕ್ಷರದ ಮುಂದೆ ಹೆಸರು, ಇ ಎಂಬುದರ ಮುಂದೆ ಇ-ಮೇಲ್ ವಿಳಾಸ, ಡಿ ಎಂಬುದರ ಮುಂದೆ ಮಾಡಿದ ಕೆಲಸದ ವಿವರ, ಎಸ್ ಎಂಬುದರ ಮುಂದೆ ಅಂಚೆಯ ವಿಳಾಸ. ಕೆಲವರು ಮನೆಯ ಸಂಖ್ಯೆಯನ್ನೂ ಬೀದಿಯ ಹೆಸರನ್ನೂ ಅದರಲ್ಲಿ ಬರೆದಿದ್ದಾರೆ. ಒಬ್ಬರನ್ನೊಬ್ಬರು ಬಲ್ಲ ಸಣ್ಣ ಮಂಡಲಿಯಾಗಿದ್ದ ಕಾಲದಲ್ಲಿ ಇದು ಸ್ನೇಹದ ಲಕ್ಷಣವೇ ಆಗಿದ್ದಿತು. ಬದಲಾವಣೆ ಬೇಕಾದವನು ತನ್ನ ಸಾಲುಗಳನ್ನು ತಾನೇ ತಿದ್ದಿ ಕಳುಹಿಸಿದರೆ, ಮುಂದಿನ ಆವೃತ್ತಿಯಲ್ಲಿ ಹೊಸ ವಿವರ ಬರುತ್ತಿದ್ದಿತು.

೨೦೦೫ರಲ್ಲಿ ಟೋರ್ವಾಲ್ಡ್ಸರೇ ಗಿಟ್ ಎಂಬ ಉಪಕರಣವನ್ನು ರಚಿಸಿದರು. ಇಂದು ಮುಕ್ತ ತಂತ್ರಾಂಶದ ಬಹುಭಾಗವು ಅದರ ಮೂಲಕವೇ ನಡೆಯುತ್ತದೆ. ಯಾರು, ಯಾವಾಗ, ಯಾವ ಸಾಲನ್ನು ಬದಲಾಯಿಸಿದರು ಎಂಬುದನ್ನೆಲ್ಲ ಅದು ಬರೆದಿಡುತ್ತದೆ. ಒಂದೊಂದು ಬದಲಾವಣೆಗೂ ಕಮಿಟ್ ಎಂದು ಹೆಸರು. ಒಂದೊಂದು ಕಮಿಟ್ಟಿನೊಳಗೂ ಮಾಡಿದವರ ಹೆಸರು, ಇ-ಮೇಲ್ ವಿಳಾಸ, ದಿನ, ವೇಳೆ ಇವು ಸೇರಿರುತ್ತವೆ. ಇವೆಲ್ಲವನ್ನೂ ಕೂಡಿಸಿ ಲೆಕ್ಕಹಾಕಿ, ೪೦ ಅಕ್ಷರಾಂಕಗಳ ಒಂದು ಮುದ್ರೆಯನ್ನು ಗಿಟ್ ಒತ್ತುವುದು ವಾಡಿಕೆ. ಹಿಂದಿನ ಕಮಿಟ್ಟಿನ ಮುದ್ರೆಯೂ ಮುಂದಿನ ಕಮಿಟ್ಟಿನ ಲೆಕ್ಕದಲ್ಲಿ ಸೇರುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ತಂದು ಬರೆಯುವುದನ್ನು ವಾಚಕರು ನೋಡಿರಬಹುದು. ಹತ್ತನೆಯ ಪುಟದಲ್ಲಿ ಒಂದು ಅಂಕಿಯನ್ನು ಬದಲಾಯಿಸಿದರೆ ಆಮೇಲಿನ ಪುಟಗಳ ಮೊತ್ತಗಳೆಲ್ಲವೂ ಬದಲಾಗಬೇಕಷ್ಟೆ. ಇಲ್ಲಿಯೂ ಹಾಗೆಯೇ: ಹಳೆಯ ಕಮಿಟ್ಟಿನಲ್ಲಿ ಒಂದು ಹೆಸರನ್ನು ತಿದ್ದಿದರೆ ಅದರ ಮುಂದಿನ ಮುದ್ರೆಗಳೆಲ್ಲವೂ ಬೇರೆಯಾಗುತ್ತವೆ, ಲೋಕದಲ್ಲಿ ಹರಡಿರುವ ಪ್ರತಿಗಳಿಗೂ ಇದಕ್ಕೂ ಹೊಂದಿಕೆ ತಪ್ಪುತ್ತದೆ. ಯಾರೂ ಗುಟ್ಟಾಗಿ ಚರಿತ್ರೆಯನ್ನು ತಿದ್ದಬಾರದೆಂಬುದೇ ಈ ಏರ್ಪಾಡಿನ ಉದ್ದೇಶ, ಉದ್ದೇಶವೇನೋ ಶ್ಲಾಘ್ಯವಾದುದೇ.

ಆದರೆ ಮನುಷ್ಯನ ಬಾಳು ಮುದ್ರೆಯೊತ್ತಿದ ಪುಟವಲ್ಲ. ಕಾಲೇಜಿನಲ್ಲಿ ಓದುತ್ತಿರುವಾಗ ಹುಡುಗನೊಬ್ಬನು ಕಾಲೇಜಿನ ಇ-ಮೇಲ್ ವಿಳಾಸದಿಂದ ಕೆಲಸಮಾಡಿರುತ್ತಾನೆ. ಪದವಿ ಮುಗಿದೊಡನೆ ಆ ವಿಳಾಸವು ನಿಂತುಹೋಗಿ, ಅವನ ಮೂರು ವರ್ಷದ ದುಡಿಮೆಯು ದಿಕ್ಕಿಲ್ಲದ ವಿಳಾಸವೊಂದಕ್ಕೆ ಅಂಟಿಕೊಳ್ಳುತ್ತದೆ. ಮದುವೆಯಾದ ಹೆಣ್ಣುಮಗಳು ಹೆಸರಿನ ಕೊನೆಯ ಭಾಗವನ್ನು ಬದಲಾಯಿಸಿಕೊಂಡರೆ, ಹಿಂದಿನ ಕೆಲಸವೂ ಇಂದಿನ ಕೆಲಸವೂ ಇಬ್ಬರು ಬೇರೆ ಬೇರೆ ವ್ಯಕ್ತಿಗಳದೆಂಬಂತೆ ಕಾಣುತ್ತದೆ. ಜಾತಿಯನ್ನು ಸೂಚಿಸುವ ಮನೆತನದ ಹೆಸರನ್ನು ಬಿಟ್ಟು, ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. ಬಿಟ್ಟ ಹೆಸರು ಬೆನ್ನುಹತ್ತಿ ಬಂದರೆ ಅವರಿಗಾಗುವ ಸಂಕಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಹುಟ್ಟಿದಾಗ ಗಂಡೆಂದು ಬರೆಯಲ್ಪಟ್ಟು, ಅನಂತರ ಹೆಣ್ಣಾಗಿ ಬಾಳುತ್ತಿರುವವರ ಪಾಡೂ ಇದೇ. ಎಲ್ಲಕ್ಕಿಂತ ಕಷ್ಟವಾದುದು, ಹಿಂಸೆಯನ್ನು ತಾಳಲಾರದೆ ಗಂಡನ ಮನೆಯನ್ನು ಬಿಟ್ಟು ಬಂದು, ಬೇರೊಂದು ಊರಿನಲ್ಲಿ ಮರೆಯಾಗಿ ಬದುಕುತ್ತಿರುವ ಹೆಂಗಸಿನ ಸ್ಥಿತಿ. ಆಕೆಯ ಪರಿಚಯದ ಪುಟದಲ್ಲಿ ಈಗಿನ ಊರು, ಉದ್ಯೋಗಕೊಟ್ಟವರ ಹೆಸರು, ಭಾವಚಿತ್ರ ಇವು ಎಲ್ಲರಿಗೂ ಕಾಣುವಂತಿದ್ದು, ತೆಗೆಯುವ ಅಧಿಕಾರವು ಆಕೆಗೆ ಇಲ್ಲದಿದ್ದರೆ, ಅದು ಅಪಾಯವನ್ನು ಬಾಗಿಲಿಗೆ ಕರೆದಂತೆಯೇ.

ಇನ್ನು ಪೂರ್ವಪಕ್ಷವನ್ನು ಆಲಿಸೋಣ. ಪರಿಚಯವನ್ನು ಅವರವರ ಕೈಗೇ ಬಿಟ್ಟರೆ ಮೂರು ದೋಷಗಳು ಬರುತ್ತವೆಂದು ಹೇಳುವವರುಂಟು. ಮೊದಲನೆಯದು, ಜನರು ತಮ್ಮನ್ನು ತಾವೇ ಹೊಗಳಿಕೊಂಡಾರು. ಎರಡನೆಯದು, ಹೆಸರು ಬದಲಾಯಿಸುತ್ತ ಹೋದರೆ ಹೊಣೆಗಾರರನ್ನು ಹುಡುಕುವುದು ಹೇಗೆ? ಲಿನಕ್ಸಿನಲ್ಲಿ ಇತರರ ಸ್ವತ್ತು ಸೇರಿದೆಯೆಂದು ೨೦೦೩ರಲ್ಲಿ ಅಮೇರಿಕದ ನ್ಯಾಯಾಲಯದಲ್ಲಿ ದಾವೆಯಾದ ಬಳಿಕ, ೨೦೦೪ರಿಂದ ಕೊಡುಗೆದಾರರು ಪ್ರತಿಯೊಂದು ಕೆಲಸದ ಕೆಳಗೂ "ಇದನ್ನು ಕೊಡುವ ಹಕ್ಕು ನನಗಿದೆ" ಎಂಬರ್ಥದಲ್ಲಿ ಹೆಸರುಹಾಕುವ ಪದ್ಧತಿ ಬಂದಿತು. ಸುಳ್ಳು ಹೆಸರಿನ ರುಜುವಿಗೆ ಬೆಲೆಯೇನು? ಮೂರನೆಯದು, ದುಷ್ಟರು ವೇಷಮರೆಸಿಕೊಂಡು ಬಂದಾರು.

ಈ ಆಕ್ಷೇಪಗಳು ಹುರುಳಿಲ್ಲದವಲ್ಲ. ೨೦೨೪ನೆಯ ಮಾರ್ಚಿಯಲ್ಲಿ ಬಯಲಾದ ಎಕ್ಸ್‌ಝಡ್ ಪ್ರಕರಣವನ್ನೇ ನೋಡಬಹುದು. ಕಡತಗಳನ್ನು ಕುಗ್ಗಿಸುವ ಈ ತಂತ್ರಾಂಶದಲ್ಲಿ ಜಿಯಾ ಟಾನ್ ಎಂಬ ಹೆಸರಿನಿಂದ ಒಬ್ಬರು ಎರಡು ವರ್ಷಗಳಿಗೂ ಮಿಕ್ಕಿ ಸೌಮ್ಯವಾಗಿ ದುಡಿದು, ನಂಬಿಕೆಯನ್ನು ಗಳಿಸಿ, ಕಟ್ಟಕಡೆಗೆ ಕಳ್ಳಬಾಗಿಲೊಂದನ್ನು ಒಳಗೆ ಸೇರಿಸಿದರು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ಹೆಚ್ಚು ವಿಳಂಬವಾಗುವುದೇಕೆಂದು ಕುತೂಹಲದಿಂದ ಹುಡುಕಿದ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ಇದನ್ನು ಕಂಡುಹಿಡಿಯದೆ ಇದ್ದಿದ್ದರೆ ಬಹಳ ಕೇಡಾಗುತ್ತಿದ್ದಿತು.

ಆದರೆ ಈ ಪ್ರಸಂಗದಿಂದ ಕಲಿಯತಕ್ಕ ಪಾಠವೇನು? ಆ ವ್ಯಕ್ತಿಯಿಂದ ಪೂರ್ಣನಾಮವನ್ನು ಕೇಳಿದ್ದರೆ ಅವನು ಮತ್ತೊಂದು ಸೊಗಸಾದ ಪೂರ್ಣನಾಮವನ್ನು ಕಟ್ಟಿಕೊಡುತ್ತಿದ್ದನು. ಕೇಡು ಹೊರಬಿದ್ದುದು ಹೆಸರಿನ ವಿಚಾರಣೆಯಿಂದಲ್ಲ, ಕೆಲಸದ ಪರೀಕ್ಷೆಯಿಂದ. ಕಠಿಣವಾದ ನಿಯಮದಿಂದ ಸಿಕ್ಕಿಬೀಳುವವರು ಸಜ್ಜನರು; ಕಳ್ಳನಿಗೆ ಅದು ಒಂದು ದಿನದ ಕೆಲಸ. ಲಿನಕ್ಸಿನವರೇ ೨೦೨೩ರಲ್ಲಿ ತಮ್ಮ ನಿಯಮದ ಮಾತನ್ನು ಬದಲಾಯಿಸಿ, "ನಿಜವಾದ ಹೆಸರು" ಎಂದಿದ್ದ ಕಡೆ "ಪರಿಚಿತವಾದ ಗುರುತು" ಎಂಬರ್ಥ ಬರುವಂತೆ ಬರೆದರು. ಅನಾಮಧೇಯರಿಗೆ ಅಲ್ಲಿ ಅವಕಾಶವಿಲ್ಲ. ಜನರು ಬಲ್ಲ ಹೆಸರೊಂದಿದ್ದು, ಅದರಿಂದ ಮನುಷ್ಯನನ್ನು ಮಾತನಾಡಿಸುವಂತಿದ್ದರೆ ಸಾಕು. ಆತ್ಮಸ್ತುತಿಯ ಮಾತಂತೂ ದೊಡ್ಡದಲ್ಲ. ಮಾಡಿದ ಕೆಲಸವು ಪಕ್ಕದಲ್ಲಿಯೇ ತೆರೆದಿರುವಾಗ ಬರಿಯ ಹೊಗಳಿಕೆಗೆ ಎಷ್ಟು ತೂಕವಿದೆಯೆಂಬುದನ್ನು ನೋಡುವವರು ತಾವೇ ತಿಳಿದುಕೊಳ್ಳುತ್ತಾರೆ.

ಸಿದ್ಧಾಂತವೇನೆಂದರೆ, ಇಲ್ಲಿ ಎರಡು ವಸ್ತುಗಳನ್ನು ಬೆರಸಿ ಒಂದೆಂದು ತಿಳಿಯುವುದರಿಂದ ತೊಡಕು ಹುಟ್ಟಿದೆ. ವ್ಯಾಕರಣದಲ್ಲಿ ವಿಶೇಷ್ಯವೆಂದೂ ವಿಶೇಷಣವೆಂದೂ ಭೇದವುಂಟು. ಈ ಕೆಲಸವನ್ನು ಈ ವ್ಯಕ್ತಿ ಈ ದಿನ ಮಾಡಿದನೆಂಬ ಸಂಬಂಧವು ಸ್ಥಿರವಾದುದು. ಅದು ಸಮುದಾಯದ ಸ್ವತ್ತು, ಅದನ್ನು ಅಳಿಸಲು ಮಾಡಿದವನಿಗೂ ಅಧಿಕಾರವಿಲ್ಲ. ಆದರೆ ಆ ವ್ಯಕ್ತಿಯನ್ನು ಏನೆಂದು ಕರೆಯಬೇಕು, ಅವನ ಊರು ಯಾವುದು, ಮುಖವನ್ನು ತೋರಿಸಬೇಕೆ ಬೇಡವೆ, ಯಾವ ವಿಳಾಸಕ್ಕೆ ಬರೆಯಬೇಕು ಎಂಬುವು ಕಾಲದೊಡನೆ ಬದಲಾಗುವ ವಿಶೇಷಣಗಳು. ಅವುಗಳ ಒಡೆತನ ಅವನದೇ. ಮೊದಲನೆಯದನ್ನು ಕಾಯುವ ನೆಪದಲ್ಲಿ ಎರಡನೆಯದನ್ನೂ ಕಸಿದುಕೊಳ್ಳುವುದು ನ್ಯಾಯವಲ್ಲ.

ಇವೆರಡನ್ನೂ ಬೇರ್ಪಡಿಸಿ ನಡೆಸುವ ಉಪಾಯಗಳು ಈಗಾಗಲೇ ಬಳಕೆಯಲ್ಲಿವೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರನ್ನು ತಿದ್ದಬೇಕಾದರೆ ಹಳೆಯದನ್ನು ಕೆರೆದು ಅಳಿಸುವ ಪದ್ಧತಿಯಿಲ್ಲ. ಪಕ್ಕದಲ್ಲಿ ಕೆಂಪು ಮಸಿಯಿಂದ ಹೊಸದನ್ನು ಬರೆದು ಮುಖ್ಯೋಪಾಧ್ಯಾಯರು ರುಜು ಮಾಡುತ್ತಾರೆ. ಗಿಟ್ಟಿನಲ್ಲಿರುವ ಮೇಲ್‌ಮ್ಯಾಪ್ ಎಂಬ ಕಡತವು ಇದೇ ಬಗೆಯದು. ಈ ಹಳೆಯ ವಿಳಾಸದವರನ್ನು ಇನ್ನು ಮುಂದೆ ಈ ಹೆಸರಿನಿಂದ ತೋರಿಸತಕ್ಕದ್ದು ಎಂದು ಅದರಲ್ಲಿ ಒಂದು ಸಾಲು ಬರೆದರೆ, ಹಳೆಯ ಮುದ್ರೆಗಳಿಗೆ ಏನೂ ಆಗದೆ ಪಟ್ಟಿಯಲ್ಲಿ ಹೊಸ ಹೆಸರು ಕಾಣುತ್ತದೆ. ೨೦೧೯ರಿಂದ ಗಿಟ್ ಚರಿತ್ರೆಯನ್ನು ತೋರಿಸುವಾಗ, ಬೇರೆ ಅಪ್ಪಣೆಯಿಲ್ಲದೆಯೇ ಈ ಕಡತವನ್ನು ನೋಡಿಕೊಳ್ಳುತ್ತದೆ. ಇದರಲ್ಲಿಯೂ ಕೊರತೆಯುಂಟು. ಒಂದೊಂದು ಯೋಜನೆಯಲ್ಲಿಯೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಅಲ್ಲದೆ ಹಳೆಯ ಹೆಸರನ್ನು ಬರೆದಿದ್ದರೆ ಅದೂ ಹೊಸ ಹೆಸರಿನ ಪಕ್ಕದಲ್ಲಿಯೇ, ಬೇಕೆಂದು ಹುಡುಕುವವನ ಕಣ್ಣಿಗೆ ಬೀಳುವಂತೆ ಇರುತ್ತದೆ.

ಇದಕ್ಕಿಂತ ಉತ್ತಮವಾದ ದಾರಿಯೆಂದರೆ ಕೆಲಸವನ್ನು ಹೆಸರಿಗೆ ಅಂಟಿಸದೆ ಒಂದು ಸಂಖ್ಯೆಗೆ ಅಂಟಿಸಿ, ಹೆಸರನ್ನು ಆ ಸಂಖ್ಯೆಯ ಮೇಲೆ ಹೊದಿಸುವುದು. ವಿಕಿಪೀಡಿಯದಲ್ಲಿ ಸದಸ್ಯನೊಬ್ಬನು ಹೆಸರನ್ನು ಬದಲಾಯಿಸಿಕೊಡಬೇಕೆಂದು ಅರ್ಜಿ ಸಲ್ಲಿಸಿ ಅದು ಒಪ್ಪಿಗೆಯಾದರೆ, ಅವನ ಹಿಂದಿನ ಸಂಪಾದನೆಗಳೆಲ್ಲವೂ ಹೊಸ ಹೆಸರಿನಡಿಯಲ್ಲಿಯೇ ಕಾಣುತ್ತವೆ. ವಿದ್ವಾಂಸರ ಲೋಕದಲ್ಲಿ ೨೦೧೨ರಿಂದ ಆರ್ಕಿಡ್ ಎಂಬ ಲಾಭರಹಿತ ಸಂಸ್ಥೆಯು ೧೬ ಅಂಕೆಗಳ ಗುರುತನ್ನು ಕೊಡುತ್ತಿದೆ; ಆ ಗುರುತಿನಡಿಯ ವಿವರಗಳಲ್ಲಿ ಯಾವುದು ಎಲ್ಲರಿಗೂ ಕಾಣಬೇಕು, ಯಾವುದು ನಂಬಿದವರಿಗೆ ಮಾತ್ರ, ಯಾವುದು ಯಾರಿಗೂ ಕಾಣಬಾರದು ಎಂಬುದನ್ನು ಆಯಾ ವಿದ್ವಾಂಸರೇ ಗೊತ್ತುಮಾಡುತ್ತಾರೆ. ೧೯೯೩ರಲ್ಲಿ ಹುಟ್ಟಿದ ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಸಂಘದಲ್ಲಿ, ಸದಸ್ಯರು ತಮ್ಮ ಗುಪ್ತ ಕೀಲಿಯಿಂದ ರುಜುಮಾಡಿದ ಇ-ಮೇಲನ್ನು ಕಳುಹಿಸಿ, ಸಂಘದ ಪಟ್ಟಿಯಲ್ಲಿರುವ ತಮ್ಮ ವಿವರಗಳನ್ನು ತಾವೇ ಬದಲಾಯಿಸಬಹುದು. ಕೇಳಿದವರು ಅವರೇ ಎಂಬುದಕ್ಕೆ ರುಜುವೇ ಸಾಕ್ಷಿ. ಮೇಲಿನವರೊಬ್ಬರ ಕೃಪೆಯನ್ನು ಕಾಯಬೇಕಾದುದಿಲ್ಲ.

೨೦೦೮ರಲ್ಲಿ ತೆರೆದ ಗಿಟ್‌ಹಬ್ ಎಂಬಲ್ಲಿ, ಹೆಸರು, ಚಿತ್ರ, ಊರು, ಪರಿಚಯವಾಕ್ಯ ಇವನ್ನು ಸದಸ್ಯರು ತಾವೇ ಬರೆದು ತಾವೇ ಅಳಿಸಬಹುದು. ಹಳೆಯ ಇ-ಮೇಲ್ ವಿಳಾಸವನ್ನು ತಮ್ಮ ಖಾತೆಗೆ ಸೇರಿಸಿದರೆ ಆ ವಿಳಾಸದಿಂದ ಮಾಡಿದ ಹಿಂದಿನ ಕೆಲಸವೂ ಅವರ ಲೆಕ್ಕಕ್ಕೆ ಬರುತ್ತದೆ. ನಿಜವಾದ ವಿಳಾಸವನ್ನು ಮರೆಯಲ್ಲಿಟ್ಟು, ಅಲ್ಲಿಯವರು ಕೊಡುವ, ಪತ್ರ ತಲಪದ ವಿಳಾಸವೊಂದನ್ನು ಕಮಿಟ್ಟುಗಳಲ್ಲಿ ಬಳಸುವ ಸೌಕರ್ಯವೂ ಉಂಟು. ಮರೆತು ನಿಜವಾದ ವಿಳಾಸವನ್ನೇ ಬರೆದು ಕಳುಹಿಸಿದರೆ ಅದನ್ನು ಸ್ವೀಕರಿಸದೆ ಹಿಂದಿರುಗಿಸುವಂತೆ ಗೊತ್ತುಮಾಡಿಕೊಳ್ಳಬಹುದು.

ಕಾನೂನು ಇಲ್ಲವೇ ಎಂದು ವಾಚಕರು ಕೇಳಬಹುದು. ಯೂರೋಪ್ ಒಕ್ಕೂಟದಲ್ಲಿ ೨೦೧೮ನೆಯ ಮೇ ೨೫ರಿಂದ ಜಾರಿಗೆ ಬಂದ ನಿಯಮಾವಳಿಯು ತನ್ನ ೧೬ನೆಯ ವಿಧಿಯಲ್ಲಿ, ತಪ್ಪಾದ ವಿವರವನ್ನು ತಿದ್ದಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ನಮ್ಮ ದೇಶದ ಸಂಸತ್ತೂ ೨೦೨೩ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಅಧಿನಿಯಮವೊಂದನ್ನು ಮಾಡಿ, ತಿದ್ದಿಸುವ ಮತ್ತು ಅಳಿಸಿಸುವ ಹಕ್ಕನ್ನು ಅದರಲ್ಲಿ ಬರೆದಿದೆ. ಆದರೆ ವ್ಯಕ್ತಿಯು ತಾನಾಗಿಯೇ ಸಾರ್ವಜನಿಕವಾಗಿ ಪ್ರಕಟಿಸಿದ ಮಾಹಿತಿಗೆ ಆ ಅಧಿನಿಯಮವು ಅನ್ವಯಿಸುವುದಿಲ್ಲವೆಂಬ ಮಾತೂ ಅದರಲ್ಲಿಯೇ ಇದೆ. ಮುಕ್ತ ತಂತ್ರಾಂಶದ ಕೊಡುಗೆದಾರರು ತಮ್ಮ ಹೆಸರನ್ನೂ ವಿಳಾಸವನ್ನೂ ಬಹುಮಟ್ಟಿಗೆ ತಾವೇ ಪ್ರಕಟಿಸುವವರಾದುದರಿಂದ, ಕಾನೂನೊಂದನ್ನೇ ನೆಚ್ಚಿ ಕುಳಿತಿರುವುದು ಜಾಣತನವಲ್ಲ. ಯೋಜನೆಯನ್ನು ನಡೆಸುವವರ ಸದಾಚಾರವೂ, ಸೇರುವವರ ಮುನ್ನೆಚ್ಚರಿಕೆಯೂ ಇಲ್ಲಿ ಹೆಚ್ಚಿನ ರಕ್ಷೆ.

ನಡೆಸುವವರಿಗೆ ಹೇಳಬೇಕಾದುದು ಸ್ವಲ್ಪವೇ. ಕೆಲಸಕ್ಕೆ ಅವಶ್ಯವಲ್ಲದ ವಿವರವನ್ನು ಕೇಳಬೇಡಿ. ಹೆಸರನ್ನು ಎರಡು ತುಂಡು ಮಾಡಿ, ಕೊನೆಯ ಹೆಸರನ್ನು ತುಂಬಿಯೇ ತೀರಬೇಕೆಂದು ಬಲಾತ್ಕರಿಸಬೇಡಿ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೊಡನೆ ಒಂದೇ ಹೆಸರನ್ನು ಹೊತ್ತ ಕನ್ನಡಿಗನಿಗೆ ಕೊನೆಯ ಹೆಸರೆಂಬುದು ಎಲ್ಲಿಂದ ಬರಬೇಕು? ಒಂದೇ ಅಂಕಣವನ್ನಿಟ್ಟು, ಅವರು ಬರೆದಂತೆ, ಕನ್ನಡದ ಅಕ್ಷರದಲ್ಲಿ ಬರೆದರೂ, ಸ್ವೀಕರಿಸಿರಿ. ಬದಲಾವಣೆಯನ್ನು ಕೇಳಿದವರಿಂದ ಕಾರಣವನ್ನು ಕೇಳಬೇಡಿ. ಬದಲಾಯಿಸಿದ ಸಂಗತಿಯನ್ನು ಡಂಗುರ ಹೊಡೆಸಬೇಡಿ.

ಮನೆಯ ಹಿರಿಯರು ಮಕ್ಕಳಿಗೆ ಹೇಳತಕ್ಕ ಮಾತುಗಳೂ ಕೆಲವುಂಟು. ಮಗಳಾಗಲಿ, ಮಗನಾಗಲಿ, ಸೊಸೆಯಾಗಲಿ ಈ ಕೆಲಸಕ್ಕೆ ಕೈಹಾಕುವಾಗ, ಮೊದಲನೆಯ ಕಮಿಟ್ಟಿಗೆ ಮುಂಚೆಯೇ ಯಾವ ಹೆಸರಿನಿಂದ, ಯಾವ ವಿಳಾಸದಿಂದ ಎಂಬುದನ್ನು ನಿಧಾನವಾಗಿ ಗೊತ್ತುಮಾಡಿಕೊಳ್ಳಲಿ. ಆಮೇಲೆ ಅಳಿಸುವುದು ಕಷ್ಟವೆಂಬುದನ್ನು ಮೇಲೆ ನೋಡಿದೆವು. ಸ್ವಂತದ ಕೆಲಸಕ್ಕೆ ಕಾಲೇಜಿನ ಮತ್ತು ಕಚೇರಿಯ ವಿಳಾಸವನ್ನು ಬಳಸದಿರಲಿ. ಮನೆಯ ವಿಳಾಸ, ಫೋನಿನ ಸಂಖ್ಯೆ, ಹುಟ್ಟಿದ ದಿನ ಇವನ್ನು ಪರಿಚಯದ ಪುಟದಲ್ಲಿ ಬರೆಯುವ ಅಗತ್ಯವಿಲ್ಲ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆಯನ್ನು ಸಾರಿಸುವಂತೆ, ತಮ್ಮ ಪರಿಚಯದ ಪುಟಗಳನ್ನು ಅಪರಿಚಿತನ ಕಣ್ಣಿನಿಂದ ಒಮ್ಮೆ ನೋಡಿಕೊಂಡು, ಸಲ್ಲದುದನ್ನು ತೆಗೆದುಹಾಕಲಿ. ಖಾತೆಯ ಕೀಲಿಯನ್ನು ಜೋಪಾನವಾಗಿಡಲಿ. ಅದು ಪರರ ಕೈಗೆ ಹೋದರೆ ಹೆಸರೂ ಅವರ ಕೈಗೆ ಹೋದಂತೆ.

ತಾಯಿಯೊಬ್ಬಳು ಮಗಳನ್ನು ಕೇಳಬಹುದು: "ಏನಮ್ಮಾ, ನೀನು ರಾತ್ರಿಯೆಲ್ಲ ಕುಳಿತು ಮಾಡುವ ಆ ಕೆಲಸದಲ್ಲಿ ನಿನ್ನ ಹೆಸರನ್ನು ಏನೆಂದು ಬರೆದಿದ್ದಾರೆ? ನಾಳೆ ಬೇಡವೆನಿಸಿದರೆ ನೀನೇ ತಿದ್ದಬಹುದೋ?" ಗಣಕಯಂತ್ರದ ಗಂಧವಿಲ್ಲದವರೂ ಕೇಳಬಹುದಾದ ಪ್ರಶ್ನೆಯಿದು. ಉತ್ತರವು ಹೌದೆಂದಾದರೆ ಸಂತೋಷ. ಇಲ್ಲವೆಂದಾದರೆ, ಆ ಯೋಜನೆಯನ್ನು ನಡೆಸುವವರಿಗೆ ವಿನಯದಿಂದ ಒಂದು ಪತ್ರವನ್ನು ಬರೆಯುವಂತೆ ಆಕೆ ಮಗಳಿಗೆ ಹೇಳಲಿ.